ಪೊರಕೆ ಹಿಡಿದ ಅಜ್ಜಿಯ ಅಚ್ಚು

ಶಿರೀಷಾಳ ಮನೆಗೆ ಹೋಗುವವರು ಚಪ್ಪಲಿಯನ್ನು ಹೊರಗೆ ಬಿಡದೆ ಕಂಕುಳಲ್ಲಿ ಇಟ್ಟುಕೊಂಡು ಹೋಗಬೇಕು ಎಂದು ಲಕ್ಕೂರಿನವರು ತಮಾಷೆ ಮಾಡುತ್ತಾರೆ. ಸವೆದ ಹವಾಯಿ ಚಪ್ಪಲಿ ಕಣ್ಣಿಗೆ ಬಿದ್ದರೆ ಸಾಕು, ಅದರ ಅಟ್ಟೆಯನ್ನು ಬ್ಲೇಡಿನಿಂದ ಕೊರೆದು ಚಿತ್ರ ಒತ್ತುವ ಅಚ್ಚು ಮಾಡಿಬಿಡುತ್ತಾಳೆ. ಇದು ತವರಿನಿಂದ ಬಂದ ವಿದ್ಯೆ. ಅವಳ ಅಪ್ಪ ಅಶ್ವತ್ಥಪ್ಪ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಪೆಟ್ಟಿಗೆಗಳ ಮೇಲೆ ಗುರುತು ಒತ್ತುವವನು. ಒಬ್ಬ ವ್ಯಾಪಾರಿಗೆ ಗಿಣಿ, ಇನ್ನೊಬ್ಬನಿಗೆ ನಕ್ಷತ್ರ. ಅಪ್ಪ ಕೊರೆದದ್ದು ಗಿಣಿಯೋ ಕಾಗೆಯೋ ಎಂದು ಮಂಡಿಯಲ್ಲಿ ಜಗಳವಾಗುತ್ತಿತ್ತು. ಮಗಳ ಕೈ ಹಾಗಲ್ಲ. ಅವಳು ಯಾವುದನ್ನು ನೋಡಿ ಕೊರೆದಳೋ ಅದು ಹಾಗೇ ಬಂದು ಕಾಗದದ ಮೇಲೆ ಕೂರುತ್ತದೆ. ಇಷ್ಟು ಒಳ್ಳೆಯ ಕೈ ಅವಳಿಗೆ ಯಾಕಾದರೂ ಇತ್ತೋ ಎಂದು ಆಮೇಲೆ ಅನ್ನಿಸಿತು, ಅದು ಬೇರೆ ಮಾತು.

ಮದುವೆಯಾಗಿ ಲಕ್ಕೂರಿಗೆ ಬಂದ ಮೇಲೆ ಗಂಡ ಅರುಣ್‌ಕುಮಾರ್ ಫ್ಯಾಕ್ಟರಿಯ ಶಿಫ್ಟಿಗೆ ಹೋದಾಗ ಹೊತ್ತು ಹೋಗದೆ ಕಾರ್ಡು ಮಾಡಲು ಹಿಡಿದಳು. ನಾಮಕರಣಕ್ಕೆ ತೊಟ್ಟಿಲು, ಗೃಹಪ್ರವೇಶಕ್ಕೆ ಕಳಶ, ಬರ್ತ್‌ಡೇಗೆ ಬಲೂನು. ಫೋನಿನಲ್ಲಿ ಫೋಟೋ ಹಾಕಿದರೆ ಮಾಲೂರು, ಕೋಲಾರ, ಮುಳಬಾಗಿಲಿನಿಂದಲೂ ಕೇಳುವವರು ಬಂದರು.

ಬಿ.ಕಾಂ. ಓದಿದ ಶಿರೀಷಾಳಿಗೆ ಇನ್ನೊಂದು ಹೆಮ್ಮೆಯಿತ್ತು. ಊರಿನವರಂತೆ ತಾನು ಮೂಢನಂಬಿಕೆಯವಳಲ್ಲ ಎಂಬುದು. ಅದಕ್ಕೆ ಸಾಕ್ಷಿ ಪಕ್ಕದ ಬೀದಿಯ ಮುನಿಶಾಮಮ್ಮ. ಮುನಿಶಾಮಮ್ಮ ಹೆತ್ತ ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ, ಗಂಡನೂ ಬೇಗ ಹೋದ. ಊರಿಗೆ ಅಷ್ಟು ಸಾಕಾಗಿತ್ತು. ಅವಳ ಕಣ್ಣು ಒಳ್ಳೆಯದಲ್ಲ, ಅವಳು ನೋಡಿದ ಕೂಸು ಹಾಲು ಕುಡಿಯುವುದಿಲ್ಲ ಎಂದು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಗಿ ಅದೇ ನಿಜವಾಯಿತು. ಅವಳು ಬೀದಿಯಲ್ಲಿ ಬಂದರೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಶಿರೀಷಾ ಮಾತ್ರ ತನ್ನ ಮಗ ಕದಿರೇಶ ಹುಟ್ಟಿದಾಗ ಅವಳನ್ನೇ ಕರೆದು, "ಅಜ್ಜಿ, ಮಗೂಗೆ ನೀರು ಹಾಕ್ಕೊಡು, ನಂಗೆ ಬರಲ್ಲ" ಅಂದಳು. ಮುದುಕಿ ಆವತ್ತು ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕುತ್ತಾ ಅತ್ತುಬಿಟ್ಟಳು. ಶಿರೀಷಾ ಅದನ್ನು ಗೆಳತಿಯರಿಗೆಲ್ಲ ಹೇಳಿಕೊಂಡಳು. ಒಳ್ಳೆಯ ಕೆಲಸ ಮಾಡಿದವರು ಅದನ್ನು ಹೇಳಿಕೊಳ್ಳದೆ ಇರುವುದು ಕಷ್ಟ.

ಹೀಗಿರುವಾಗ ಮಾಲೂರಿನಿಂದ ಮೌನಿಕಾ ಫೋನು ಮಾಡಿದಳು. ಕಾಲೇಜಿನ ಗೆಳತಿ. ಅವಳಿಗೆ ಶಿವಾನಿ ಎಂಬ ಮಗಳು.

"ಶಿವಾನಿ ಬರ್ತ್‌ಡೇ ಅಕ್ಟೋಬರ್ ಕೊನೇ ದಿನ ಕಣೇ. ಆವತ್ತೇ ಹ್ಯಾಲೋವೀನ್! ಕರೆಯೋ ಕಾರ್ಡೂ ಹಂಗೇ ಇರ್ಬೇಕು. ಕುಂಬಳಕಾಯಿ, ಬಾವಲಿ, ಪೊರಕೆ ಹಿಡ್ದಿರೋ ಮುದುಕಿ. ನೋಡಿದ್ರೆ ಮಕ್ಕಳು ಕಿಟಾರಂತ ಕಿರುಚ್ಬೇಕು."

ಮನುಷ್ಯರ ಹಬ್ಬ ಸಾಲದೆಂದು ಈಗ ದೆವ್ವಗಳ ಹಬ್ಬವೂ ಬಂದಿದೆ. ನಮ್ಮವರು ಹೊಸ ಮನೆಯ ಮುಂದೆ ಕುಂಬಳಕಾಯಿಗೆ ಕಣ್ಣು, ಮೀಸೆ, ಹಲ್ಲು ಬರೆದು ಕಟ್ಟುವುದು ದೃಷ್ಟಿ ತಾಗದಿರಲಿ, ದೆವ್ವ ಸುಳಿಯದಿರಲಿ ಎಂದು. ಹೊರದೇಶದವರು ಅದೇ ಕುಂಬಳಕಾಯಿಗೆ ಕಣ್ಣು ಕೊರೆದು, ಒಳಗೆ ದೀಪವಿಟ್ಟು, ದೆವ್ವದ ವೇಷ ಹಾಕಿ ಕುಣಿಯುತ್ತಾರೆ. ಶಿರೀಷಾ ಫೋನಿನಲ್ಲಿ ಇದನ್ನೆಲ್ಲ ನೋಡಿ ನಕ್ಕಳು, ಆಮೇಲೆ ಬ್ಲೇಡು ಹಿಡಿದು ಕೂತಳು.

ಕುಂಬಳಕಾಯಿ ಸಲೀಸಾಗಿ ಬಂತು, ಬಾವಲಿಯೂ ಬಂತು. ಪೊರಕೆ ಹಿಡಿದ ಮಾಟಗಾತಿ ಮಾತ್ರ ಬರಲೊಲ್ಲಳು. ಒಂದು ಸಲ ಸಿನಿಮಾದ ನಾಯಕಿಯಂತೆ, ಇನ್ನೊಂದು ಸಲ ಅವಳಿಗೆ ಗಣಿತ ಕಲಿಸಿದ ಟೀಚರಿನಂತೆ ಆಯಿತು. ಬೇಸರದಿಂದ ತಲೆ ಎತ್ತಿದಾಗ ಬಚ್ಚಲ ಬಾಗಿಲು ತೆರೆದಿತ್ತು. ಮುನಿಶಾಮಮ್ಮ ಕದಿರೇಶನಿಗೆ ನೀರು ಹಾಕುತ್ತಿದ್ದಳು. ಹಬೆಯಲ್ಲಿ ತುರುಬು ಬಿಚ್ಚಿ ಬಿಳಿ ಕೂದಲು ಹರಡಿತ್ತು. ಹಲ್ಲಿಲ್ಲದ ಬಾಯಿ ಒಳಗೆ ಹೋಗಿತ್ತು, ಮೂಗು ಬಾಗಿ ಗದ್ದದ ಕಡೆ ಬಂದಿತ್ತು, ಗದ್ದದ ಮೇಲೆ ದೊಡ್ಡ ಮಚ್ಚೆ. ಮಗುವಿನ ಜೊತೆ ಏನೋ ಲಲ್ಲೆಗರೆಯುತ್ತಿದ್ದಳು.

ಶಿರೀಷಾಳ ಕೈ ತನ್ನಷ್ಟಕ್ಕೆ ಓಡಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ನೋಡಿ ನೋಡಿ ಕೊರೆದಳು. ಮಚ್ಚೆಯ ಜಾಗ ಬಂದಾಗ ಬ್ಲೇಡು ಒಂದು ಗಳಿಗೆ ನಿಂತಿತು. ಮಚ್ಚೆ ಬಿಟ್ಟರೆ ಮುಖಕ್ಕೆ ಕಳೆ ಬರುವುದಿಲ್ಲ ಅನ್ನಿಸಿತು. ಮುದುಕಿಗೆ ಎಲ್ಲಿ ಗೊತ್ತಾಗುತ್ತದೆ, ಕಾರ್ಡು ಹೋಗುವುದು ಮಾಲೂರಿಗೆ ಅಂದುಕೊಂಡು ಮಚ್ಚೆಯನ್ನೂ ಕೊರೆದಳು. ಫೋಟೋ ನೋಡಿದ ಮೌನಿಕಾ, "ಅಬ್ಬಾ! ನಿಜವಾದ ಮಾಟಗಾತಿ ಥರಾನೇ ಇದಾಳೆ ಕಣೇ" ಎಂದು ಕುಣಿದಳು. ಶಿರೀಷಾಳೂ ಹಿಗ್ಗಿದಳು.

ಕಾರ್ಡುಗಳನ್ನು ಒಣಗಲೆಂದು ಚಾಪೆಯ ಮೇಲೆ ಹರಡಿದ್ದಾಗ ಮುನಿಶಾಮಮ್ಮ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದು ಬಗ್ಗಿದಳು. ಶಿರೀಷಾಳಿಗೆ ಅವನ್ನು ಮುಚ್ಚಲು ಪುರುಸೊತ್ತಾಗಲಿಲ್ಲ.

"ಇವ್ಳು ನಾನಲ್ವೇನಮ್ಮ?"

ಶಿರೀಷಾ ಕಾರ್ಡುಗಳನ್ನು ಬಾಚಿಕೊಳ್ಳಲು ಕೈ ಚಾಚಿದಳು. ಮುದುಕಿ ಮಾತ್ರ ತನ್ನ ಗದ್ದ ಮುಟ್ಟಿಕೊಂಡು, ಕಾರ್ಡಿನ ಗದ್ದ ಮುಟ್ಟಿ ನಗುತ್ತಿದ್ದಳು. "ನೋಡೋ ಕದಿರಿ, ನಿಮ್ಮಮ್ಮ ನನ್ನ ಬೊಮ್ಮೆ ಮಾಡವ್ಳೆ! ಆಧಾರ್ ಕಾರ್ಡಲ್ಲಿರೋ ಮುಖ ನೋಡಿದ್ರೆ ನಂಗೇ ಹೆದ್ರಿಕೆ ಆಗ್ತಿತ್ತು. ಇದು ಲಕ್ಷಣವಾಗದೆ. ಇದ್ಯಾವುದಕ್ಕಮ್ಮ?"

"ಮಾಲೂರಲ್ಲಿ ಒಂದು ಮಗೂದು ಬರ್ತ್‌ಡೇ, ಅದಕ್ಕೆ" ಅಂದಳು ಶಿರೀಷಾ.

ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. "ಬೂದುಗುಂಬ್ಳಕ್ಕೆ ಕಣ್ಣು ಬರ್ದಿದ್ದೀಯ. ದೃಷ್ಟಿಗೆ, ಅಲ್ವಾ? ಕೈಯಲ್ಲಿ ಪೊರಕೆ ಕೊಟ್ಟಿದ್ದೀಯ. ಪೊರಕೆ ಅಂದ್ರೆ ಲಕ್ಷ್ಮಿ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಆ ಮಗೂಗೆ ಯಾರ ಕಣ್ಣೂ ಬೀಳ್ದಿರ್ಲಿ ಅಂತ ಕಾಯೋಕೆ ನನ್ನ ನಿಲ್ಸಿದ್ದೀಯೇನಮ್ಮ? ನನ್ನ?"

ಇಲ್ಲ ಅನ್ನುವುದಕ್ಕೆ ಅದೇ ಸಮಯವಾಗಿತ್ತು. ಶಿರೀಷಾ "ಹೂಂ ಅಜ್ಜಿ" ಅಂದಳು.

ಮುನಿಶಾಮಮ್ಮ ಒಂದು ಕಾರ್ಡು ಕೇಳಿದಳು. ಹೂಂ ಅಂದ ಬಾಯಲ್ಲಿ ಕೊಡುವುದಿಲ್ಲ ಅನ್ನುವುದು ಹೇಗೆ? ಕೊಟ್ಟಳು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗುವ ಮುದುಕಿಯ ಬೆನ್ನು ನೋಡುತ್ತಾ ಶಿರೀಷಾ ಬಾಗಿಲಲ್ಲೇ ನಿಂತಳು. ನಾಳೆ ನಿಜ ಹೇಳಿ ಕಾರ್ಡು ವಾಪಸು ಇಸಿದುಕೊಳ್ಳಬೇಕು ಅಂದುಕೊಂಡಳು. ಮಾರನೆಯ ದಿನ ಮುದುಕಿ ಬರುವಾಗಲೇ ಹಾಡಿಕೊಂಡು ಬಂದಳು, ಹೇಳಲಾಗಲಿಲ್ಲ. ಅದರ ಮಾರನೆಯ ದಿನವೂ ಆಗಲಿಲ್ಲ. ಒಂದು ಸುಳ್ಳನ್ನು ಸಾಕುವುದು ಎಮ್ಮೆ ಸಾಕಿದ ಹಾಗೆ, ದಿನವೂ ಮೇವು ಹಾಕುತ್ತಿರಬೇಕು.

ಮುನಿಶಾಮಮ್ಮ ಕಾರ್ಡನ್ನು ಮನೆಯಲ್ಲಿಡುವವಳೇ? ಒಂದು ಬೆಳಿಗ್ಗೆ ಹಾಲಿನ ಡೈರಿಗೆ ತಂದಳು. ಶಿರೀಷಾ ಕ್ಯಾನು ಹಿಡಿದು ಸಾಲಿನ ಹಿಂದೆ ನಿಂತಿದ್ದಳು. ಮುಂದೆ ಗುಂಪು ಕೂಡಿತ್ತು. ಮುದುಕಿ ಹೇಳುತ್ತಿದ್ದಳು: "ನೀವೆಲ್ಲ ನನ್ನ ಕಂಡ್ರೆ ಮಕ್ಕಳ್ನ ಎತ್ಕೊಂಡು ಓಡ್ತೀರಿ. ನೋಡಿ, ಮಾಲೂರಲ್ಲಿ ಮಗೂನ ಕಾಯೋಕೆ ನನ್ನೇ ಹಾಕವ್ರೆ."

ಡೈರಿಯ ಪಕ್ಕದ ಮನೆಯ ವೆಂಕಟರತ್ನಮ್ಮ ಕಾರ್ಡು ಇಸಿದುಕೊಂಡಳು. ಟಿವಿ, ಫೋನು ಎಲ್ಲ ನೋಡಿ ಪಳಗಿದವಳು. "ಅಯ್ಯೋ, ಇದಿ ದಯ್ಯಂ ಕದಮ್ಮಾ!" ಎಂದು ತೆಲುಗಿನಲ್ಲೇ ಕೂಗಿದಳು. "ದೆವ್ವದ ಹಬ್ಬದ್ದು ಇದು. ಪೊರಕೆ ಮೇಲೆ ಕೂತ್ಕೊಂಡು ಹಾರ್ತಾಳೆ ಇವ್ಳು, ಮಕ್ಕಳ್ನ ತಿನ್ನೋ ಮಾಟಗಾತಿ. ಶಿರೀಷಾ ಸರಿಯಾಗೇ ಹಾಕವ್ಳೆ ಬಿಡು!"

ಎಲ್ಲರೂ ನಕ್ಕರು. ಮುನಿಶಾಮಮ್ಮ ನಗಲಿಲ್ಲ, ಬೆದರಲೂ ಇಲ್ಲ. "ಸುಮ್ನಿರೇ. ಆ ಹುಡ್ಗಿ ಅಂಥೋಳಲ್ಲ. ಅಗೋ, ಅಲ್ಲೇ ನಿಂತವ್ಳೆ. ಹೇಳಮ್ಮ ಶಿರೀಷಾ, ಇವ್ರಿಗೆ ಹೇಳು."

ಇಡೀ ಸಾಲು ತಿರುಗಿತು. ಶಿರೀಷಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪಾಯಿತು ಅನ್ನಬಹುದಿತ್ತು. ಈ ಅಜ್ಜಿ ನನ್ನ ಮಗುವನ್ನು ಸಾಕಿದವಳು, ನಗಬೇಡಿ ಎಂದಾದರೂ ಅನ್ನಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ಅದು ನೀನಲ್ಲ ಅಜ್ಜಿ. ಯಾರೋ... ಫೋನಲ್ಲಿದ್ದ ಚಿತ್ರ."

ಮುನಿಶಾಮಮ್ಮ ಕಾರ್ಡನ್ನು ವೆಂಕಟರತ್ನಮ್ಮನ ಕೈಯಿಂದ ತೆಗೆದುಕೊಂಡಳು. ಗದ್ದದ ಮಚ್ಚೆಯ ಮೇಲೆ ಬೆರಳಿಟ್ಟಳು. ಶಿರೀಷಾಳನ್ನು ನೋಡಿದಳು. ಆಮೇಲೆ ತಾನು ತಂದಿದ್ದ ಕ್ಯಾನನ್ನು ಅಲ್ಲೇ ಬಿಟ್ಟು ಮನೆಯ ಕಡೆ ನಡೆದಳು. ಹಾಲು ಹಾಕಿಸಿಕೊಳ್ಳುವುದನ್ನೇ ಮರೆತಿದ್ದಳು.

ಮಾರನೆಯ ಬೆಳಿಗ್ಗೆ ನೀರು ಕಾದು ಕುದಿದರೂ ಅವಳು ಬರಲಿಲ್ಲ. ಶಿರೀಷಾ ಕದಿರೇಶನನ್ನು ಎತ್ತಿಕೊಂಡು ಅವಳ ಮನೆಗೆ ಹೋದಳು. ಮುದುಕಿ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು. ಶಿರೀಷಾ ಕಾಲಿನ ಹತ್ತಿರ ಕೂತಳು.

"ಅಜ್ಜಿ, ಅದು ನೀನೇ. ನಿನ್ನ ನೋಡ್ಕೊಂಡೇ ಕೊರೆದೆ. ಮಾಟಗಾತಿಗೇ ಅಂತ್ಲೇ. ನಿನ್ನೆ ಎಲ್ಲರ ಮುಂದೆ ಸುಳ್ಳು ಹೇಳ್ದೆ. ನನ್ನ ಬೈದ್ಬಿಡು. ಎರಡು ಏಟಾದ್ರೂ ಹಾಕು." ಹೇಳುವಾಗ ಅಳು ಬಂತು. ನಾಚಿಕೆಯಿಂದ ಅವಳಿಗೆ ಮುಖ ಎತ್ತಲಾಗಲಿಲ್ಲ.

ಮುನಿಶಾಮಮ್ಮ ಬೈಯಲಿಲ್ಲ. ಕಾಯಿ ಸುಲಿಯುವುದನ್ನೂ ನಿಲ್ಲಿಸಲಿಲ್ಲ.

"ಊರೋರು ಅಂದಾಗ ನಾನು ನಂಬ್ತಿರ್ಲಿಲ್ಲ ಕಣಮ್ಮ. ಅವ್ರು ದೂರದಿಂದ ಅಂತಾರೆ, ಅವ್ರಿಗೇನು ಗೊತ್ತು ಅಂದ್ಕೋತಿದ್ದೆ. ನೀನು ದಿನಾ ಹತ್ರದಿಂದ ನೋಡ್ದೋಳು. ಮಗೂಗೆ ನೀರು ಹಾಕುವಾಗ ನೋಡ್ದೋಳು. ನಿಂಗೂ ಹಂಗೇ ಕಾಣಿಸ್ತಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. "ಅವ್ರಂದಿದ್ದು ನಿಜ ಇದ್ರೂ ಇರ್ಬೋದು. ನನ್ನ ಮಕ್ಕಳು ಯಾಕೆ ಹೋದ್ವು ಅಂತ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ."

"ಇಲ್ಲ ಅಜ್ಜಿ, ಹಂಗನ್ಬೇಡ" ಎಂದು ಶಿರೀಷಾ ಅವಳ ಕೈ ಹಿಡಿದಳು.

ಅಷ್ಟರಲ್ಲಿ ಕದಿರೇಶ ತಾಯಿಯ ತೊಡೆಯಿಂದ ಜಾರಿ, ಜಗಲಿಯ ಮೇಲೆ ಅಂಬೆಗಾಲಿಡುತ್ತಾ ಅಜ್ಜಿಯ ಕಡೆ ಹೋಗಿ, ಎತ್ತಿಕೋ ಎಂದು ಎರಡು ಕೈಯನ್ನೂ ಚಾಚಿದ. ಮುನಿಶಾಮಮ್ಮ ಗಾಬರಿಯಿಂದ ಹಿಂದೆ ಸರಿದು, ಎರಡು ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡಳು.

"ಎತ್ಕೊಂಡೋಗಮ್ಮ ಮಗೂನ" ಅಂದಳು. "ನಾನು ನೋಡೋಕೆ ಮುಂಚೆ ಎತ್ಕೊಂಡೋಗು."