ಕುಬಸಕ್ಕೆ ಕರೆಂಟಿನ ಕಾರು

ಕರೆಂಟಿನ ಕಾರು ಕೊಂಡಾಗಿನಿಂದ ನನ್ನ ಬಾಯಿ ಹಿಡಿಯುವವರೇ ಇರಲಿಲ್ಲ. ರಾಯಚೂರಿನಲ್ಲಿ ಯಾರ ಮನೆಗೆ ಹೋದರೂ ಪೆಟ್ರೋಲ್ ಹಾಕಿಸುವವರನ್ನು ಕಂಡು ಮರುಕಪಡುತ್ತಿದ್ದೆ. ಹಾಗಾಗಿ ತಂಗಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬಾಡಿಗೆ ಗಾಡಿ ಹೇಳೋಣ ಎಂದು ಅವ್ವ ಅಂದಾಗ ನನಗೆ ಸಿಟ್ಟೇ ಬಂತು. ಮನೆ ಮುಂದೆ ಕಾರು ನಿಂತಿರುವಾಗ ಬಾಡಿಗೆಯದೇಕೆ?

ತಂಗಿಯನ್ನು ಕೊಟ್ಟದ್ದು ಮಾನ್ವಿಗೆ. ನಮ್ಮಲ್ಲಿ ಏಳನೇ ತಿಂಗಳಿಗೆ ತವರಿನವರು ಬುತ್ತಿ ಕಟ್ಟಿಕೊಂಡು ಹೋಗಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕು. ಅದೂ ತವರಿನ ಗಾಡಿಯಲ್ಲೇ, ದೀಪ ಹಚ್ಚುವ ಹೊತ್ತಿನೊಳಗೆ. ಬೀಗರೇ ಗಾಡಿ ಕೊಟ್ಟು ಕಳಿಸಿದರೆ ಆ ಮಾತನ್ನು ಆಕೆ ಆ ಮನೆಯಲ್ಲಿ ಜೀವಮಾನವೆಲ್ಲ ಕೇಳಬೇಕಾಗುತ್ತದೆ.

ದೇವದುರ್ಗಕ್ಕೆ ಸುತ್ತು ಹಾಕಿ ಸೋದರತ್ತೆಯನ್ನು ಹತ್ತಿಸಿಕೊಂಡೆವು. ಬಿಸಿಲಿಗೆ ಹೆದರಿ ದಾರಿಯುದ್ದಕ್ಕೂ ಎಸಿ, ಬ್ಯಾಟರಿ ವಾಪಸು ರಾಯಚೂರಿಗೆ ಸಾಲದಷ್ಟು ಇಳಿಯಿತು. ದೇವದುರ್ಗದಲ್ಲಿ ಎಲ್ಲೂ ಚಾರ್ಜಿಂಗ್ ಸಿಗಲಿಲ್ಲ. ಮಾನ್ವಿಯಲ್ಲಿ ಒಂದಿದೆ ಎಂದು ಮೊಬೈಲು ತೋರಿಸುತ್ತಿತ್ತು. ಫೋನ್ ಮಾಡಿ ಕೇಳುವ ಬುದ್ಧಿ ನನಗೆ ಬರಲಿಲ್ಲ. ಊರ ಹೊರಗಿನ ಬಂಕಿಗೆ ಹೋದರೆ ಚಾರ್ಜರಿಗೆ ಗೋಣಿಚೀಲ ಸುತ್ತಿ ಹಗ್ಗ ಬಿಗಿದಿದ್ದರು.

“ಮಷಿನ್ ಬಂದದ ರೀ, ಲೈನ್ ಇನ್ನಾ ಕೊಟ್ಟಿಲ್ಲ,” ಎಂದ ಪೆಟ್ರೋಲ್ ಹಾಕುವವ. ಅವನು ನಗಲಿಲ್ಲ. ನಕ್ಕಿದ್ದರೆ ಬೈಯಲಿಕ್ಕಾದರೂ ಆಗುತ್ತಿತ್ತು.

ಅವ್ವನಿಗೆ ಏನೂ ಹೇಳದೆ, ಬೀಗರನ್ನೂ ಕೇಳದೆ, ಅವರ ಮನೆಯ ಕಿಟಕಿಯಿಂದ ವೈರು ಎಳೆದು ಕಾರಿಗೆ ಚುಚ್ಚಿದೆ. ಒಳಗೆ ತಂಗಿಯನ್ನು ಮಣೆಯ ಮೇಲೆ ಕೂರಿಸಿ ಬಳೆ ಏರಿಸುತ್ತಿದ್ದರು. ಆರತಿ ಎತ್ತುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಇಡೀ ಮನೆಯ ಫ್ಯಾನುಗಳು ನಿಂತವು. ಹೆಂಗಸರು ಸೆರಗಿನಿಂದ ಗಾಳಿ ಬೀಸಿಕೊಳ್ಳತೊಡಗಿದರು. ಬಸುರಿ ತಂಗಿ ಆ ಜರಿ ಸೀರೆಯಲ್ಲಿ ಬೆವರಿ ತೊಯ್ದು ಹೋದಳು. ಆಕೆಯ ಮಾವ ಹೊರಗೆ ಬಂದು ವೈರು ನೋಡಿದರು, ಕಾರು ನೋಡಿದರು.

“ಇರ್ಲಿ ಬಿಡ್ರಿ, ನಮ್ಮ ಮನಿ ವೈರಿಂಗೇ ಹಳೇದದ,” ಎಂದರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಲೈನ್‌ಮನ್ ಬಂದು ಮನೆಗೆ ಕರೆಂಟು ಬಂತು. ಕಾರಿಗೆ ಮತ್ತೆ ವೈರು ಚುಚ್ಚುವ ಮಾತೇ ಇರಲಿಲ್ಲ. ಮದುವೆಯ ದಿನಗಳು, ಊರಲ್ಲಿ ಬಾಡಿಗೆ ಗಾಡಿ ಒಂದೂ ಸಿಗಲಿಲ್ಲ. ಹೊತ್ತು ಇಳಿಯುತ್ತಿತ್ತು.

“ಈಗೇನ್ ಮಾಡ್ತಿ, ಯಪ್ಪಾ?” ಎಂದು ಅವ್ವ ಮೆಲ್ಲಗೆ ಕೇಳಿದಳು. ಬೀಗರ ಜೀಪು ಅಂಗಳದಲ್ಲೇ ನಿಂತಿತ್ತು. ಅದನ್ನು ಬಾಯಿಬಿಟ್ಟು ಕೇಳಬೇಕಾದವನು ನಾನು. ಅದನ್ನು ಬಿಟ್ಟು ಬಾಡಿಗೆ ಗಾಡಿಯವನಿಗೆ ಮತ್ತೊಮ್ಮೆ ಫೋನ್ ಹಚ್ಚಿದೆ.

ಆಗ ಎಲ್ಲರೆದುರು ತಂಗಿಯೇ ಮಾತಾಡಿದಳು. “ಮಾವಾರ, ಅಣ್ಣನ ಕಾರ್ ಭಾಳ ಸಣ್ಣದದ. ಅದ್ರಾಗ ಕುಂತ್ರ ನನಗ ಹೊಟ್ಟಿ ಒತ್ತತದ. ನಿಮ್ಮ ಜೀಪಿನ್ಯಾಗ ಕಳಸ್ರಿ. ಅಂವ ಕಾರಿನ್ಯಾಗ ಕರಕೊಂಡು ಹೋಗ್ತೀನಿ ಅಂದ್ರೂ ನಾನ ಬ್ಯಾಡ ಅಂದೀನಿ.”

ಕಾರು ಕೊಂಡ ಮೇಲೆ ಆಕೆ ತವರಿಗೇ ಬಂದಿರಲಿಲ್ಲ, ಅದರಲ್ಲಿ ಒಮ್ಮೆಯೂ ಕೂತಿರಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಾವ ಒಂದು ಗಳಿಗೆ ನನ್ನನ್ನು ನೋಡಿದರು. “ಹೌದವ್ವಾ, ಭಾಳ ಸಣ್ಣದು,” ಎಂದು ಜೀಪಿನ ಬಾಗಿಲು ತೆರೆದರು.

ಹೊರಡುವಾಗ ತಂಗಿ ನನ್ನತ್ತ ಕೈ ಬೀಸಿದಳಂತೆ. ನಾನು ಕಾರಿನ ಹಿಂದೆ ಕೂತು ವೈರು ಸುತ್ತುತ್ತಿದ್ದೆ. ತಲೆ ಎತ್ತಲು ಧೈರ್ಯವಾಗಲಿಲ್ಲ.