ಚಂದ್ರಣ್ಣನ ಹುಳ

ಚಂದ್ರಣ್ಣ ಮನೆಯಲ್ಲಿ ಹಾವು ಸಾಕಿದ್ದರು, ಆದರೆ ‘ಹಾವು’ ಎಂಬ ಶಬ್ದವನ್ನು ಬಾಯಿಗೆ ತರುತ್ತಿರಲಿಲ್ಲ. ‘ಹುಳ’ ಎನ್ನುತ್ತಿದ್ದರು. ನಾನು ಮೋಸಹೋದದ್ದು ಅಲ್ಲೇ. ಲಾಕ್‌ಡೌನಿನ ಹಿಂದಿನ ವಾರ, ಈ ಪರದೇಶದ ಬಡಾವಣೆಯಾದ ಸಿಟಿವೆಸ್ಟ್‌ನ ಅವರ ಮನೆಯಲ್ಲಿ ಬಾಡಿಗೆಗೆ ಕೋಣೆ ಕೇಳಿ ಫೋನ್ ಮಾಡಿದಾಗ, “ಮನೇಲಿ ಒಂದು ಹುಳ ಇದೆ ಕಣಮ್ಮ, ಪರವಾಗಿಲ್ವಾ?” ಎಂದಿದ್ದರು. ಜಿರಳೆಯೋ ಏನೋ ಎಂದುಕೊಂಡು “ಗ್ರ್ಯಾಂಡ್” ಎಂದೆ, ‘ಪರವಾಗಿಲ್ಲ’ಕ್ಕೆ ಇಲ್ಲಿನವರ ಮಾತು. ಚರ್ಚಾಸ್ಪರ್ಧೆಗಳಲ್ಲಿ ಪದದ ಅರ್ಥ ಗಟ್ಟಿಮಾಡಿಕೊಳ್ಳದೆ ಬಾಯಿ ತೆರೆಯದವಳು ನಾನು.

ಹೋಗಿ ನೋಡಿದರೆ ಹಜಾರದ ಗಾಜಿನ ಪೆಟ್ಟಿಗೆಯಲ್ಲಿ ಆರಡಿ ಹಾವು. ಕೈಯಲ್ಲಿದ್ದ ಚೀಲ ಜಾರಿ ಬಿತ್ತು. ವಿಷವಿಲ್ಲದ್ದು, ನಮ್ಮ ಕೇರೆಯ ದೂರದ ನೆಂಟ. ಹಿಂದಿನ ಬಾಡಿಗೆಯವರು ಬಿಟ್ಟುಹೋದದ್ದು ಅಟ್ಟದಲ್ಲಿ ಸಿಕ್ಕಿತಂತೆ. ಈರುಳ್ಳಿಯನ್ನೂ ಮುಟ್ಟದ ಚಂದ್ರಣ್ಣ ಅದಕ್ಕಾಗಿ ಫ್ರೀಜರಿನಲ್ಲಿ ಸತ್ತ ಇಲಿಗಳ ಡಬ್ಬಿ ಇಟ್ಟಿದ್ದರು. ಪಕ್ಕದಲ್ಲೇ ತೆಂಗಿನ ತುರಿ. ಮರುದಿನ ನಾನು ಚಟ್ನಿಗೆಂದು ತಪ್ಪು ಡಬ್ಬಿ ತೆರೆದು ಕಿರುಚಿದ ಮೇಲೆ ‘ಹುಳದ್ದು’ ಎಂದು ಚೀಟಿ ಅಂಟಿಸಿದರು.

“ಹೆಸರು ಹೇಳಿದ್ರೆ ಎದ್ದು ಬರುತ್ತೆ” ಎನ್ನುವುದು ಅವರ ನಂಬಿಕೆ.

“ಎದುರಿಗೇ ಇದೆಯಲ್ಲ ಚಂದ್ರಣ್ಣ, ಇನ್ನೆಲ್ಲಿಂದ ಬರ್ಬೇಕು?”

ಹಾವಿಗೆ ಕನ್ನಡ ಬರುವುದಿಲ್ಲವೆಂದೂ ವಾದಿಸಿದೆ. ತಿಂಗಳುಗಟ್ಟಲೆ ವಾದಿಸಿದೆ. “ನೀನೇ ಗೆದ್ದೆ. ಹುಳಕ್ಕೆ ನೀರಿಡು” ಎಂದು ಎದ್ದುಹೋಗುತ್ತಿದ್ದರು.

ಜನವರಿಯಲ್ಲಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಅದೇ ಗಾಬರಿಯಲ್ಲಿ, ನೀರಿಟ್ಟ ಮೇಲೆ ಪೆಟ್ಟಿಗೆಯ ಕೊಂಡಿ ಹಾಕಲು ಮರೆತೆ. ಹಾವು ಕಾಣೆಯಾಯಿತು. ಎರಡು ದಿನ ಹುಡುಕಿದೆ. ಆ ಚಳಿಯಲ್ಲಿ ಅದು ಉಳಿಯುವುದಿಲ್ಲವೆಂದು ಗೊತ್ತಿತ್ತು. ಮೂರನೆಯ ದಿನ ಅವರು ಫೋನ್ ಮಾಡಿದಾಗ ನಿಜ ಹೇಳಿಬಿಟ್ಟೆ, ಬೈಗುಳಕ್ಕೆ ಕಾದೆ.

“ಹಾಗಾದ್ರೆ ಹೆಸರು ಹೇಳು” ಎಂದರು. ಒಂದು ಉಸಿರು. “ಹಾವು ಅನ್ನು. ಹಾವು.”

ಆ ಶಬ್ದ ಅವರ ಬಾಯಲ್ಲಿ ಕೇಳಿ ಬೆಚ್ಚಿಬಿದ್ದೆ. ಆರಡಿ ಹಾವನ್ನು ಮೊದಲು ಕಂಡಾಗಲೂ ಅಷ್ಟು ಬೆಚ್ಚಿರಲಿಲ್ಲ.

ಯಾರೂ ಇಲ್ಲದ ಮನೆಯಲ್ಲೂ ನಾಚಿಕೊಂಡೇ ಕೋಣೆಯಿಂದ ಕೋಣೆಗೆ “ಹಾವು, ಹಾವು” ಎನ್ನುತ್ತ ಹೋದೆ. ಬಿಸಿನೀರಿನ ಟ್ಯಾಂಕ್ ಇರುವ ಕಪಾಟು, ಇಲ್ಲಿನವರ ಹಾಟ್ ಪ್ರೆಸ್, ಅದರ ಬಾಗಿಲು ತೆರೆದರೆ, ಚಂದ್ರಣ್ಣ ಮಡಿಸಿಟ್ಟ ಟವೆಲ್ಲುಗಳ ಮೇಲೆ ಸುರುಳಿ ಸುತ್ತಿಕೊಂಡು ಮಲಗಿತ್ತು. ಕರೆದದ್ದು ನಾನಲ್ಲ, ಟ್ಯಾಂಕಿನ ಶಾಖ ಎಂಬ ವಾದವನ್ನು ಸಿದ್ಧಮಾಡಿಕೊಂಡೇ ಫೋನ್ ಮಾಡಿದೆ. ನರ್ಸ್ ಎತ್ತಿದರು. ನೀವು ಅವರ ಮಗಳಾ ಎಂದು ಮೆಲ್ಲಗೆ ಕೇಳಿದರು. ಅವರು ಹೋದರೆಂದು ಆಗಲೇ ಗೊತ್ತಾಯಿತು.

ಹಾವು ಸಾಕುವವರೊಬ್ಬರು ಬಂದು ಹುಳವನ್ನು ಒಯ್ದ ದಿನ, ಖಾಲಿ ಪೆಟ್ಟಿಗೆಯೆದುರು ನಿಂತು “ಚಂದ್ರಣ್ಣ” ಎಂದೆ. ಇನ್ನೊಮ್ಮೆ, ಸ್ವಲ್ಪ ಜೋರಾಗಿ.

ಎದ್ದು ಬರಲಿಲ್ಲ. ವಾದ ನನ್ನದೇ ಸರಿ.