ಕೆರೆ ಏರಿಯ ಬರಹದ ಕಲ್ಲು

ಕುರುಬರಹಳ್ಳಿಯ ಹೊಲಗಳಿಗೆ ಇನ್ನೂ ಸೈಟಿನ ನಂಬರು ಬಿದ್ದಿರದ ಕಾಲ ಅದು. ರಾಜಾಜಿನಗರದ ಕಡೆ ಹೊಸ ಮನೆಗಳು ಒಂದೊಂದಾಗಿ ಏಳುತ್ತಿದ್ದವು. ಅವರೆಕಾಯಿ ಕಾಲ ಬಂತೆಂದರೆ ಊರೆಲ್ಲ ಸೊಗಡು. ಕಾಯಿ ಸುಲಿದು ಸುಲಿದು ನಮ್ಮ ಬೆರಳಿಗೂ ಅದೇ ವಾಸನೆ.

ಕೆರೆ ಏರಿಯ ಹೊಂಗೆ ಮರಗಳ ಮರೆಯಲ್ಲಿ ನನ್ನೆತ್ತರದ ಕಲ್ಲೊಂದಿತ್ತು. ಮೈತುಂಬ ಹಳೆಯ ಅಕ್ಷರ. ಅಜ್ಜಿ ಅದನ್ನು ಬರಹದ ಕಲ್ಲು ಎನ್ನುತ್ತಿದ್ದಳು. ನಾವು ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದುದು ಅದರ ಬುಡದಲ್ಲೇ. ನನಗಾಗ ಒಂಬತ್ತು ವರ್ಷ.

ಆ ವರ್ಷ ಶಾಲೆಗೆ ಹೊಸದಾಗಿ ಬಂದಿದ್ದ ಮೇಷ್ಟ್ರು ಒಂದು ಭಾನುವಾರ ನಮ್ಮನ್ನು ಅಲ್ಲಿಗೆ ಕರೆದೊಯ್ದರು. ಕೆರೆಯ ನೀರು ತಂದು, ತೆಂಗಿನ ನಾರಿನಿಂದ ಕಲ್ಲನ್ನು ಉಜ್ಜಿ ತೊಳೆದೆವು. ಸೀಮೆಸುಣ್ಣದ ಪುಡಿ ಸವರಿದರೆ ಅಕ್ಷರಗಳು ಬೆಳ್ಳಗೆ ಎದ್ದುಬಂದವು. ಮೇಷ್ಟ್ರು ಮಂಡಿಯೂರಿ, ಒಂದೊಂದೇ ಅಕ್ಷರ ಗುರುತಿಸಿ ಬರೆದುಕೊಂಡರು. ಎರಡು ಸಾಲಿಗೇ ಸಂಜೆಯಾಯಿತು. ಉಳಿದದ್ದು ಮುಂದಿನ ಭಾನುವಾರ ಎಂದರು.

ಗುರುವಾರ ಊರಬಾಗಿಲಲ್ಲಿ ಮೇಸ್ತ್ರಿಯೊಬ್ಬ ಎತ್ತಿನಗಾಡಿ ನಿಲ್ಲಿಸಿದ್ದ. ಹೊಸ ಮನೆಗಳ ಪಾಯಕ್ಕೆ ಕಲ್ಲು ಸಾಗಿಸುವವನು. ಅವನು ಕಟ್ಟುತ್ತಿದ್ದ ಮನೆ ನಮ್ಮ ಶಾಲೆಯ ದಾರಿಯಲ್ಲೇ ಇತ್ತು. ಇಲ್ಲೆಲ್ಲಾದರೂ ಒಳ್ಳೆಯ ಕಲ್ಲಿದೆಯೇ ಎಂದು ಕೇಳಿದ. ನನಗೆ ಎಲ್ಲಿಲ್ಲದ ಹೆಮ್ಮೆ.

"ಬನ್ನಿ, ತೋರಿಸ್ತೀನಿ. ನಾವೇ ತೊಳ್ದಿದೀವಿ," ಎಂದೆ.

ನೋಡಿದ, ತಟ್ಟಿದ, ನನ್ನ ಕೈಗೊಂದು ಕಡಲೆಮಿಠಾಯಿ ಇಟ್ಟ. ತಿನ್ನುತ್ತ ಮನೆಗೆ ಹೋದೆ.

ಭಾನುವಾರ ಹೋದಾಗ ಅಲ್ಲೊಂದು ಗುಂಡಿ, ಸುತ್ತ ಒಂದಿಷ್ಟು ಚಕ್ಕೆ. ಮೇಷ್ಟ್ರು ಕೂತು ಒಂದೊಂದೇ ಚಕ್ಕೆ ತಿರುವಿ ನೋಡಿದರು. ಒಂದರಲ್ಲೂ ಪೂರ್ತಿ ಅಕ್ಷರವಿರಲಿಲ್ಲ.

"ಊರಿನ ಹೆಸರು, ಕೆರೆ ಕಟ್ಟಿಸಿದ್ದು, ಅಷ್ಟು ಓದಿದ್ದೆ ಕಣ್ರೋ. ಕಟ್ಟಿಸ್ದೋರು ಯಾರು ಅನ್ನೋದು ಮುಂದಿತ್ತು," ಎಂದರು. ಆಮೇಲೆ ಎಲ್ಲರ ಮುಖ ನೋಡಿ ಕೇಳಿದರು: "ಯಾರು ತಗೊಂಡು ಹೋದ್ರು, ನೋಡಿದ್ರಾ?"

ನಾನು ಕಾಲ ಬೆರಳಿನಿಂದ ಮಣ್ಣು ಕೆದಕುತ್ತ ನಿಂತೆ. ಮೇಸ್ತ್ರಿ ಕಟ್ಟುತ್ತಿದ್ದ ಆ ಮನೆಯ ಪಾಯ ಅರ್ಧವೂ ಮುಗಿದಿರಲಿಲ್ಲ. ಬಾಯಿಬಿಟ್ಟಿದ್ದರೆ ತುಂಡುಗಳಾದರೂ ಸಿಗುತ್ತಿದ್ದವೇನೋ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದೆ. ಗೋಡೆ ಎದ್ದಿತು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಮೇಷ್ಟ್ರಿಗೆ ವರ್ಗವಾಗಿತ್ತು.

ಹೋದ ವರ್ಷ, ಈ ಕಡೆಯ ಊರುಗಳ ಹಳೆಯ ಸಂಗತಿ ಹುಡುಕುತ್ತ ಕಾಲೇಜಿನ ಹುಡುಗಿಯರಿಬ್ಬರು ಮನೆಗೆ ಬಂದಿದ್ದರು. ಹಳೆಯ ನಕ್ಷೆ, ಫೋಟೋ, ಮಾತು ಹಿಡಿದಿಡುವ ಫೋನು, ಎಲ್ಲ ಇತ್ತು ಅವರ ಬಳಿ. ಕೆರೆ ಎಲ್ಲಿತ್ತು ಅಜ್ಜಿ ಎಂದರು. ಮೂರಂತಸ್ತಿನ ಮನೆಗಳ ಸಾಲು ತೋರಿಸಿದೆ. ಆ ಕಲ್ಲು ಪಾಯ ಸೇರಿದ್ದ ಮನೆಯನ್ನೂ ಯಾವತ್ತೋ ಕೆಡವಿದ್ದಾರೆ. ಕಲ್ಲು ತೋರಿಸಿಕೊಟ್ಟವಳು ನಾನೇ ಎಂದು ಅವತ್ತು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವರು ಅದನ್ನೂ ಬರೆದುಕೊಂಡರು.

ಕೇಳುವವರು ಈಗ ಎಷ್ಟೋ ಜನ ಬರುತ್ತಾರೆ. ಆದರೆ ಆ ಕಲ್ಲನ್ನು ಓದಬಲ್ಲವರೊಬ್ಬರು, ಅದು ಎಲ್ಲಿ ಹೋಯಿತೆಂದು ಬಲ್ಲವಳೊಬ್ಬಳು ಎದುರುಬದುರು ನಿಂತದ್ದು ಆ ಒಂದು ಭಾನುವಾರ ಮಾತ್ರ.